ಹಿತ್ತಲಲ್ಲಿ ದೋಣಿ ಎಳೆಯುವ ಮುನ್ನ: ಮೋವರ್ ಸವಾರರಿಗೆ 14 ಸೂತ್ರಗಳು

ಮಿನ್ನೆಸೋಟದಲ್ಲಿ ಅಕ್ಟೋಬರ್ ಎಂದರೆ ದೋಣಿಗಳು ಮನೆಗೆ ಮರಳುವ ತಿಂಗಳು. ಹತ್ತು ಎಕರೆಗಿಂತ ದೊಡ್ಡ ಸರೋವರಗಳೇ 11,842 ಇರುವ ರಾಜ್ಯ ಇದು. ನೀರು ಹೆಪ್ಪುಗಟ್ಟುವ ಮೊದಲು ದೋಣಿ ಟ್ರೈಲರ್ ಏರಬೇಕು, ಹಿತ್ತಲಿನ ಶೆಡ್ಡಿನ ಪಕ್ಕ ಚಳಿಗಾಲ ಕಳೆಯಬೇಕು. ಸರೋವರದಿಂದ ಮನೆಯ ಮುಂದಿನ ಡ್ರೈವ್‌ವೇವರೆಗೆ ಪಿಕಪ್ ಟ್ರಕ್ ತಂದುಬಿಡುತ್ತದೆ. ತೊಡಕು ಶುರುವಾಗುವುದು ಅಲ್ಲಿಂದ. ಮನೆಗೂ ಬೇಲಿಗೂ ನಡುವೆ ಕಿರಿದಾದ ದಾರಿ, ಮೆತ್ತನೆಯ ಹುಲ್ಲು, ಅಡ್ಡ ಬರುವ ಮರ. ಟ್ರಕ್ ತಿರುಗಲು ಜಾಗವಿಲ್ಲ. ಆಗ ಗ್ಯಾರೇಜಿನಲ್ಲಿ ನಿಂತಿರುವ ರೈಡಿಂಗ್ ಮೋವರ್ ನೆನಪಾಗುತ್ತದೆ. ವಾರಕ್ಕೊಮ್ಮೆ ಮೇಲೆ ಕೂತು ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್, ಹಿಂಬದಿಯಲ್ಲಿ ಒಂದು ತೂತಿರುವ ಕಬ್ಬಿಣದ ಪಟ್ಟಿ. ಕಟ್ಟಿ ಎಳೆದರಾಯಿತಲ್ಲ?

ಇಲ್ಲಿ ನೆಲೆಸಿರುವ ಕನ್ನಡದ ಗೆಳೆಯರು ಈ ಪ್ರಶ್ನೆಯನ್ನು ನನಗೆ ಮತ್ತೆ ಮತ್ತೆ ಕೇಳಿದ್ದಾರೆ. ಎಳೆಯಬಹುದು. ಆದರೆ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಎಳೆಯಿರಿ: ಮೋವರ್ ಎಷ್ಟು ಭಾರ ಎಳೆದೀತು ಎಂಬುದು ಎರಡನೆಯ ಪ್ರಶ್ನೆ, ಎಷ್ಟು ಭಾರವನ್ನು ತಡೆದು ನಿಲ್ಲಿಸೀತು ಎಂಬುದೇ ಮೊದಲನೆಯದು. ಕೆಳಗಿನ ಎಲ್ಲ ಸೂತ್ರಗಳೂ ಹುಟ್ಟಿದ್ದು ಈ ಒಂದು ಮಾತಿನಿಂದ.

1. ಮೊದಲು ತೂಕದ ಲೆಕ್ಕ ಹಾಕಿ

ಕಣ್ಣಂದಾಜು ಬೇಡ, ಕಾಗದ ತೆಗೆದುಕೊಂಡು ಬರೆಯಿರಿ. 14 ಅಡಿಯ ಅಲ್ಯೂಮಿನಿಯಂ ಮೀನುಗಾರಿಕೆ ದೋಣಿ 110ರಿಂದ 140 ಕಿಲೋ. 25 ಅಶ್ವಶಕ್ತಿಯ ಔಟ್‌ಬೋರ್ಡ್ ಮೋಟಾರ್ ಸುಮಾರು 60-70 ಕಿಲೋ. ಟ್ರೈಲರ್ 130 ಕಿಲೋ ಆಸುಪಾಸು. ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಲಂಗರು ಎಲ್ಲ ಸೇರಿ ಇನ್ನೊಂದು 50. ಒಟ್ಟು 350ರಿಂದ 400 ಕಿಲೋ ಆಯಿತು. ಸಾಮಾನ್ಯ ಮೋವರ್‌ನ ತೂಕ 220 ಕಿಲೋ, ನೀವು 75 ಎಂದಿಟ್ಟುಕೊಳ್ಳಿ. ಎರಡೂ ಸೇರಿ 295.

ಮೋವರ್ ಜೊತೆ ಬರುವ ಕೈಪಿಡಿಯಲ್ಲಿ ಎಳೆಯುವ ಭಾರದ ಮಿತಿ ಬರೆದಿರುತ್ತದೆ. ಅದನ್ನು ಹುಡುಕಿ ಓದಿ. ಎಳೆಯುವ ಯಂತ್ರ ಮತ್ತು ಸವಾರನ ತೂಕಕ್ಕಿಂತ ಹಿಂದಿನ ಭಾರ ಹೆಚ್ಚಾಗಬಾರದು ಎಂಬುದು ನಾನು ಪಾಲಿಸುವ ನಿಯಮ. ಕೈಪಿಡಿಯ ಅಂಕಿ ಅದಕ್ಕಿಂತ ಕಡಿಮೆ ಇದ್ದರೆ ಕೈಪಿಡಿಯ ಮಾತೇ ಕೊನೆ. ಈ ಲೆಕ್ಕದಲ್ಲಿ 14 ಅಡಿಯ ಸಾಧಾರಣ ದೋಣಿಯೂ ಮಿತಿ ಮೀರಿತು ಎಂಬುದನ್ನು ಗಮನಿಸಿ. 18 ಅಡಿಯ ಫೈಬರ್‌ಗ್ಲಾಸ್ ದೋಣಿಯಂತೂ ಟ್ರೈಲರ್ ಸಮೇತ ಸಾವಿರ ಕಿಲೋ ದಾಟುತ್ತದೆ. ಅದನ್ನು ಮೋವರ್‌ಗೆ ಕಟ್ಟುವ ಯೋಚನೆಯನ್ನೇ ಬಿಡಿ.

2. ನಿಮ್ಮ ಯಂತ್ರದ ಜಾತಿ ತಿಳಿದುಕೊಳ್ಳಿ

ನೋಡಲು ಒಂದೇ ತರಹ ಇದ್ದರೂ ಇವು ಮೂರು ಬಗೆ. ಲಾನ್ ಟ್ರ್ಯಾಕ್ಟರ್ ಹುಲ್ಲು ಕತ್ತರಿಸಲು, ಹಗುರ ಗಾಡಿ ಎಳೆಯಲು ಹುಟ್ಟಿದ್ದು. ಗಾರ್ಡನ್ ಟ್ರ್ಯಾಕ್ಟರ್ ಅದಕ್ಕಿಂತ ಭಾರ, ಅದರ ಚೌಕಟ್ಟು ಮತ್ತು ಗೇರ್‌ಬಾಕ್ಸ್ ಗಟ್ಟಿ, ಹಿಂದಿನ ಗಾಲಿಗಳು ದೊಡ್ಡವು. ಎಳೆಯುವ ಕೆಲಸಕ್ಕೆ ಅದೇ ಸರಿ. ಮೂರನೆಯದು ಝೀರೋ ಟರ್ನ್. ಇದರ ಮುಂದಿನ ಗಾಲಿಗಳು ಸೂಪರ್‌ಮಾರ್ಕೆಟ್ ತಳ್ಳುಗಾಡಿಯ ಗಾಲಿಗಳ ಹಾಗೆ ಸುಮ್ಮನೆ ಸುತ್ತುತ್ತವೆ. ಹೆಚ್ಚಿನ ಮಾದರಿಗಳಲ್ಲಿ ದಿಕ್ಕು ತಿರುಗಿಸುವುದೂ ತಡೆಯುವುದೂ ಹಿಂದಿನ ಎರಡು ಗಾಲಿಗಳೇ. ಅವು ಜಾರಿದವೋ, ದಿಕ್ಕೂ ಹೋಯಿತು, ತಡೆಯೂ ಹೋಯಿತು. ದೋಣಿಯ ಕೆಲಸಕ್ಕೆ ಅದನ್ನು ಇಳಿಸಬೇಡಿ.

ಅಶ್ವಶಕ್ತಿ ನೋಡಿ ಮರುಳಾಗಬೇಡಿ. 20 ಅಶ್ವಶಕ್ತಿಯ ಎಂಜಿನ್ ಇದ್ದರೂ ಅದರಲ್ಲಿ ಬಹುಪಾಲು ಬ್ಲೇಡ್ ತಿರುಗಿಸಲೆಂದೇ ಇರುವುದು. ನೆಲದ ಮೇಲೆ ಹಿಡಿತ ಕೊಡುವುದು ತೂಕ ಮತ್ತು ಟೈರು.

3. ದೋಣಿಯನ್ನು ಬರಿದು ಮಾಡಿ

ಒಂದು ಲೀಟರ್ ನೀರು ಒಂದು ಕಿಲೋ. ತಳದಲ್ಲಿ ಬೆರಳುದ್ದ ನಿಂತ ಮಳೆನೀರು ಸುಲಭವಾಗಿ ನೂರು ಲೀಟರ್ ಆಗುತ್ತದೆ. ಅದು ಸುಮ್ಮನೆ ಇರುವ ಭಾರವೂ ಅಲ್ಲ: ಏರಿನಲ್ಲಿ ಹಿಂದಕ್ಕೆ, ಇಳಿಜಾರಿನಲ್ಲಿ ಮುಂದಕ್ಕೆ ಓಡಿ ಎಲ್ಲ ಲೆಕ್ಕ ತಪ್ಪಿಸುತ್ತದೆ. ಹಿಂಬದಿಯ ಡ್ರೈನ್ ಪ್ಲಗ್ ಬಿಚ್ಚಿ, ಮೂತಿಯನ್ನು ಜಾಕ್‌ನಿಂದ ಎತ್ತಿ, ಪೂರ್ತಿ ಸೋರಿಹೋಗಲು ಬಿಡಿ. ಮಿನ್ನೆಸೋಟದಲ್ಲಂತೂ ದೋಣಿಯನ್ನು ರಸ್ತೆಯಲ್ಲಿ ಸಾಗಿಸುವಾಗ ಈ ಪ್ಲಗ್ ತೆಗೆದಿರಲೇಬೇಕು ಎಂಬ ಕಾನೂನಿದೆ. ಝೀಬ್ರಾ ಮಸಲ್ ಎಂಬ ಪುಟ್ಟ ಚಿಪ್ಪಿನ ಜೀವಿ ಒಂದು ಸರೋವರದ ನೀರಿನಿಂದ ಇನ್ನೊಂದಕ್ಕೆ ಹರಡದಿರಲಿ ಎಂಬುದು ಅದರ ಉದ್ದೇಶ.

ಬ್ಯಾಟರಿ, ಪೆಟ್ರೋಲ್ ಟ್ಯಾಂಕ್, ಲಂಗರು, ಐಸ್ ಪೆಟ್ಟಿಗೆ, ಲೈಫ್ ಜಾಕೆಟ್‌ಗಳನ್ನು ಕೈಯಲ್ಲೇ ಹೊತ್ತು ಹಾಕಿ. ಸಣ್ಣ ಮೋಟಾರನ್ನು ಇಬ್ಬರು ಸೇರಿ ಬಿಚ್ಚಿಡಬಹುದು. ಹೀಗೆ ಮಾಡಿದರೆ 400 ಕಿಲೋ ಇದ್ದದ್ದು 280ಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಕೆಲಸ, ಆದರೆ ಈ ಪಟ್ಟಿಯಲ್ಲಿ ಅತಿ ಹೆಚ್ಚು ಫಲ ಕೊಡುವ ಅರ್ಧ ಗಂಟೆ ಇದೇ.

4. ಮೂಕಿಯ ಭಾರ ನೋಡಿ

ಎತ್ತಿನ ಗಾಡಿ ಹೂಡಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಹೇರು ಹಿಂಭಾರವಾದರೆ ಮೂಕಿ ಮೇಲೆದ್ದು ನೊಗ ಎತ್ತಿನ ಕೊರಳನ್ನು ಮೇಲಕ್ಕೆ ಜಗ್ಗುತ್ತದೆ. ಮುಂಭಾರವಾದರೆ ಹೆಗಲು ಕುಸಿಯುತ್ತದೆ. ದೋಣಿ ಟ್ರೈಲರ್‌ನದೂ ಅದೇ ಲೆಕ್ಕ. ಮೂತಿಯ ಭಾರ ಅತಿಯಾದರೆ ಮೋವರ್‌ನ ಹಿಂಭಾಗ ಒತ್ತಿ ಮುಂದಿನ ಗಾಲಿಗಳು ಹಗುರಾಗುತ್ತವೆ, ಸ್ಟೀರಿಂಗ್ ತಿರುಗಿಸಿದರೂ ಯಂತ್ರ ನೇರ ಹೋಗುತ್ತದೆ. ಭಾರ ತೀರಾ ಕಡಿಮೆಯಾದರೆ, ಅಥವಾ ಮೂತಿಯೇ ಮೇಲೇಳುವಂತಿದ್ದರೆ, ಎಳೆಯುವ ಗಾಲಿಗಳ ಹಿಡಿತ ತಪ್ಪುತ್ತದೆ.

ಅಳೆಯಲು ಸ್ನಾನದ ಮನೆಯ ತೂಕದ ಯಂತ್ರ ಸಾಕು. ಅದರ ಮೇಲೊಂದು ಹಲಗೆ ತುಂಡು ನಿಲ್ಲಿಸಿ, ಹಿಚ್‌ನ ಎತ್ತರಕ್ಕೆ ಸರಿಯಾಗಿ ಮೂತಿಯನ್ನು ಅದರ ಮೇಲಿಡಿ. ಒಟ್ಟು ಭಾರದ ಶೇಕಡಾ 7ರಿಂದ 10 ಬಂದರೆ ಸರಿ, ಅಂದರೆ 280 ಕಿಲೋಗೆ 20-28 ಕಿಲೋ. ಹಿಚ್ ಪಟ್ಟಿಯ ಮೇಲೆ ಬೀಳುವ ಭಾರಕ್ಕೆ ನಿಮ್ಮ ಕೈಪಿಡಿ ಬೇರೆ ಮಿತಿ ಹೇಳಿದ್ದರೆ ಅದನ್ನೂ ಮೀರಬೇಡಿ. ತೂಕ ಹೊಂದಿಸಲೆಂದು ಮಕ್ಕಳನ್ನಾಗಲಿ ದೊಡ್ಡವರನ್ನಾಗಲಿ ದೋಣಿಯಲ್ಲಿ ಕೂರಿಸುವುದು ಬೇಡವೇ ಬೇಡ.

5. ಹಿಚ್, ಬಾಲ್, ಸರಪಳಿ: ಮೂರನ್ನೂ ಕೈಯಿಂದ ಮುಟ್ಟಿ ನೋಡಿ

ಟ್ರೈಲರ್‌ನ ಕಪ್ಲರ್ ಮೇಲೆ ಬಾಲ್‌ನ ಅಳತೆ ಕೊರೆದಿರುತ್ತದೆ. ಸಣ್ಣ ಟ್ರೈಲರ್‌ಗಳಿಗೆ ಹೆಚ್ಚಾಗಿ 1⅞ ಇಂಚು, ಕೆಲವಕ್ಕೆ 2 ಇಂಚು. 2 ಇಂಚಿನ ಕಪ್ಲರ್ 1⅞ ಇಂಚಿನ ಬಾಲ್ ಮೇಲೆ ಚೆನ್ನಾಗಿ ಕೂತಂತೆಯೇ ಕಾಣುತ್ತದೆ. ಮೊದಲ ಗುಂಡಿಯಲ್ಲಿ ಎಗರಿ ಹೊರಬರುತ್ತದೆ. ಬಾಲ್‌ನ ಬೋಲ್ಟ್ ದಪ್ಪವೂ ಮೋವರ್ ಪಟ್ಟಿಯ ತೂತೂ ಹೊಂದಬೇಕು. ತೂತು ಸಣ್ಣದೆಂದು ಕೊರೆದು ಹಿಗ್ಗಿಸಿದರೆ ಪಟ್ಟಿ ಬಲ ಕಳೆದುಕೊಳ್ಳುತ್ತದೆ.

ಲ್ಯಾಚ್ ಮುಚ್ಚಿ ಪಿನ್ ಹಾಕಿದ ಮೇಲೆ ಮೂಕಿಯನ್ನು ಎರಡೂ ಕೈಯಿಂದ ಮೇಲಕ್ಕೆತ್ತಿ. ಮೋವರ್‌ನ ಹಿಂಭಾಗವೂ ಜೊತೆಗೆ ಏಳಲು ನೋಡಿದರೆ ಕೊಂಡಿ ಸರಿಯಾಗಿ ಕೂತಿದೆ ಎಂದರ್ಥ. ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ, ಯಂತ್ರದ ಗಟ್ಟಿ ಚೌಕಟ್ಟಿಗೆ ಕಟ್ಟಿ. "ಹಿತ್ತಲಲ್ಲಿ ತಾನೆ" ಎಂದು ಬಿಡಬೇಡಿ. ಕೊಂಡಿ ಕಳಚಿದ ಟ್ರೈಲರ್‌ಗೆ ಹಿತ್ತಲೂ ಒಂದೇ, ಹೆದ್ದಾರಿಯೂ ಒಂದೇ.

6. ದೋಣಿಯನ್ನು ಟ್ರೈಲರ್‌ಗೆ ಬಿಗಿದೇ ಹೊರಡಿ

ಮುಂದಿನ ವಿಂಚ್ ಪಟ್ಟಿ, ಮೂತಿಯ ಸರಪಳಿ, ಹಿಂದಿನ ಎರಡು ಪಟ್ಟಿಗಳು ರಸ್ತೆಗೆ ಎಷ್ಟು ಮುಖ್ಯವೋ ಹಿತ್ತಲಿಗೂ ಅಷ್ಟೇ. ಏರಿನಲ್ಲಿ ದೋಣಿ ಒಂದು ಗೇಣು ಹಿಂದೆ ಸರಿದರೂ ನೀವು ತೂಗಿ ನೋಡಿದ ಮೂಕಿಯ ಭಾರ ಬದಲಾಗುತ್ತದೆ. ಮೋಟಾರ್ ಬಿಚ್ಚದಿದ್ದರೆ ಅದನ್ನು ಮೇಲಕ್ಕೆ ಮಡಚಿ ಆಧಾರ ಕೊಡಿ. ಹಿತ್ತಲಿನ ಏರುತಗ್ಗಿನಲ್ಲಿ ಮೊದಲು ನೆಲಕ್ಕೆ ತಾಗುವುದು ಅದರ ಪ್ರೊಪೆಲ್ಲರ್.

7. ಗಾಳಿ ತುಂಬಿ, ಗಾಲಿ ತಿರುಗಿಸಿ ನೋಡಿ

ತಿಂಗಳುಗಟ್ಟಲೆ ನಿಂತ ಟ್ರೈಲರ್ ಟೈರಿನ ಗಾಳಿ ಇಳಿದಿರುತ್ತದೆ. ಮೆತ್ತಗಾದ ಟೈರು ಎಳೆಯುವ ಶ್ರಮವನ್ನು ಬಹಳ ಹೆಚ್ಚಿಸುತ್ತದೆ. ಟೈರಿನ ಪಕ್ಕದಲ್ಲಿ ನಮೂದಿಸಿದ ಒತ್ತಡಕ್ಕೆ ತುಂಬಿ. ಒಂದೊಂದೇ ಗಾಲಿಯನ್ನು ಜಾಕ್‌ನಿಂದ ಎತ್ತಿ ಕೈಯಲ್ಲಿ ತಿರುಗಿಸಿ. ಕರಕರ ಸದ್ದು ಬಂದರೆ, ಅಲ್ಲಾಡಿದರೆ, ಬೇರಿಂಗ್ ಗ್ರೀಸ್ ಕೇಳುತ್ತಿದೆ ಎಂದು ತಿಳಿಯಿರಿ. ನೆಲದಲ್ಲಿ ಹೂತ ಗಾಲಿಯನ್ನು ಮೋವರ್‌ನಿಂದ ಜಗ್ಗಿ ಕೀಳಬೇಡಿ. ಎತ್ತಿ, ಅಡಿಗೆ ಹಲಗೆ ಕೊಟ್ಟು, ಆಮೇಲೆ ಎಳೆಯಿರಿ.

8. ದಾರಿಯನ್ನು ಮೊದಲು ನಡೆದು ನೋಡಿ

ಯಂತ್ರ ಚಾಲು ಮಾಡುವ ಮೊದಲು ಆಚೆ ತುದಿಯವರೆಗೆ ನಡೆದುಹೋಗಿ. ಟ್ರೈಲರ್‌ನ ಅತಿ ಅಗಲವಾದ ಜಾಗ ಅಳೆಯಿರಿ, ಗೇಟಿನ ಅಗಲ ಅಳೆಯಿರಿ. ಎರಡೂ ಕಡೆ ಒಂದೊಂದು ಅಡಿ ಮಿಗಬೇಕು. ತಿರುವಿನಲ್ಲಿ ಟ್ರೈಲರ್‌ನ ಗಾಲಿ ಮೋವರ್ ಹೋದ ಜಾಡಿನಲ್ಲಿ ಬರುವುದಿಲ್ಲ, ಒಳಗಡೆಯಿಂದ ಅಡ್ಡಹಾಯುತ್ತದೆ. ಆದ್ದರಿಂದ ಮೂಲೆಯನ್ನು ದೊಡ್ಡದಾಗಿ ಬಳಸಿ ತಿರುಗಿ.

ನೀರು ಚಿಮ್ಮಿಸುವ ಸ್ಪ್ರಿಂಕ್ಲರ್ ತಲೆಗಳಿಗೆ ಬಣ್ಣದ ಬಾವುಟ ನೆಡಿ. ಊರಾಚೆಯ ಮನೆಗಳಲ್ಲಿ ಸೆಪ್ಟಿಕ್ ಟ್ಯಾಂಕ್ ಮತ್ತು ಅದರ ನೀರು ಇಂಗುವ ಜಾಗ ಎಲ್ಲಿದೆ ಎಂದು ತಿಳಿದುಕೊಂಡು ಅದರ ಮೇಲೆ ಹಾಯದೆ ಸುತ್ತುಹಾಕಿ. ಭಾರದ ಗಾಲಿ ಹಾದರೆ ಮಣ್ಣು ಗಿಡಿದು ಅದರ ಕೊಳವೆಗಳು ಒಡೆಯಬಹುದು. ತಲೆಯೆತ್ತಿ ತಗ್ಗಿನ ಕೊಂಬೆಗಳನ್ನೂ ನೋಡಿ.

9. ಒಣ ನೆಲ ಸಿಗುವವರೆಗೆ ಕಾಯಿರಿ

ಹುಲ್ಲುಹಾಸು ಕೆಡದಿರಲೆಂದು ಮೋವರ್ ಟೈರುಗಳಿಗೆ ಹಲ್ಲು ಕಡಿಮೆ. ಒದ್ದೆ ಹುಲ್ಲು, ಉದುರಿದ ಎಲೆ, ಬೆಳಗಿನ ಇಬ್ಬನಿ, ಮೂರರಲ್ಲೂ ಅವು ಜಾರುತ್ತವೆ. ಏಪ್ರಿಲ್‌ನಲ್ಲಿ ಹಿಮ ಕರಗಿ ಮಣ್ಣು ಕೆಸರಾದಾಗ ಟ್ರೈಲರ್ ಗಾಲಿ ಹೂತುಕೊಳ್ಳುತ್ತದೆ. ಮೇ ತಿಂಗಳ ಮೀನುಗಾರಿಕೆಯ ಮೊದಲ ದಿನಕ್ಕೆ ದೋಣಿ ಸಿದ್ಧವಾಗಬೇಕೆಂಬ ಆತುರ ನನಗೂ ಗೊತ್ತು. ಆದರೂ ಎರಡು ಬಿಸಿಲು ದಿನ ಕಾಯಿರಿ. ಮೆತ್ತನೆಯ ಜಾಗ ದಾಟಲೇಬೇಕಾದರೆ ಮುಕ್ಕಾಲು ಇಂಚು ದಪ್ಪದ ಪ್ಲೈವುಡ್ ಹಾಳೆಗಳನ್ನು ಹಾಸಿ, ಒಂದನ್ನು ದಾಟಿದಂತೆ ಹಿಂದಿನದನ್ನು ಮುಂದಕ್ಕೆ ತಂದಿಡಿ.

10. ಇಳಿಜಾರಿಗೆ ಮರ್ಯಾದೆ ಕೊಡಿ

ಈ ಸೂತ್ರವನ್ನು ನಾನು ಕಲಿತದ್ದು ತಪ್ಪು ಮಾಡಿ. ಒಂದು ಅಕ್ಟೋಬರ್ ಸಂಜೆ, ಶೆಡ್ಡಿನ ಕಡೆಗಿರುವ ಇಳಿಜಾರಿನಲ್ಲಿ ತುಂಬಿದ ದೋಣಿ ಕಟ್ಟಿಕೊಂಡು ಇಳಿಯುತ್ತಿದ್ದೆ. ಅರ್ಧ ದಾರಿಯಲ್ಲಿ ಬ್ರೇಕ್ ಒತ್ತಿದೆ. ಹಿಂದಿನ ಗಾಲಿಗಳು ತಿರುಗುವುದನ್ನು ನಿಲ್ಲಿಸಿದವು, ಆದರೆ ಯಂತ್ರ ನಿಲ್ಲಲಿಲ್ಲ. ಒದ್ದೆ ಎಲೆಗಳ ಮೇಲೆ ಸದ್ದೇ ಇಲ್ಲದೆ ಜಾರಿತು. ಬೆನ್ನ ಹಿಂದಿನಿಂದ ಟ್ರೈಲರ್ ತಳ್ಳುತ್ತಿತ್ತು, ಮೋವರ್‌ನ ಹಿಂಭಾಗ ನಿಧಾನವಾಗಿ ಎಡಕ್ಕೆ ಹೊರಳುತ್ತಿತ್ತು. ಹನ್ನೆರಡು ಅಡಿ ಜಾರಿ, ಒಂದು ಭೂರ್ಜ ಮರಕ್ಕೆ ಟ್ರೈಲರ್‌ನ ಚೌಕಟ್ಟು ತಗುಲಿ ನಿಂತಿತು. ಆ ಮರ ಇಲ್ಲದಿದ್ದರೆ ಯಂತ್ರ ನನ್ನ ಮೇಲೆ ಮಗುಚುತ್ತಿತ್ತು.

ಆಮೇಲೆ ಕೂತು ಲೆಕ್ಕ ಹಾಕಿದೆ. ಟ್ರೈಲರ್, ಮೋವರ್, ನಾನು ಸೇರಿ 700 ಕಿಲೋ. 10 ಡಿಗ್ರಿ ಇಳಿಜಾರಿನಲ್ಲಿ ಅದು ಕೆಳಕ್ಕೆ ಜಗ್ಗುವ ಬಲ ಸುಮಾರು 120 ಕಿಲೋ. ತಡೆಯಬೇಕಾದ್ದು ಹಿಂದಿನ ಎರಡು ಟೈರು ಮಾತ್ರ, ಅವುಗಳ ಮೇಲಿದ್ದ ಭಾರ ಇನ್ನೂರು ಕಿಲೋ ಆಸುಪಾಸು. ಒದ್ದೆ ಹುಲ್ಲಿನ ಮೇಲೆ ಅಷ್ಟು ಭಾರಕ್ಕೆ ಸಿಗುವ ಹಿಡಿತ ಅದರ ಮೂರನೇ ಒಂದು ಪಾಲು ಇದ್ದರೆ ಹೆಚ್ಚು. ಬ್ರೇಕ್ ಎಷ್ಟೇ ಚೆನ್ನಾಗಿದ್ದರೂ ನಿಲ್ಲುವಂತಿರಲಿಲ್ಲ. ಸಣ್ಣ ದೋಣಿ ಟ್ರೈಲರ್‌ಗಳಲ್ಲಿ ಹೆಚ್ಚಿನವಕ್ಕೆ ತಮ್ಮದೇ ಬ್ರೇಕ್ ಇರುವುದಿಲ್ಲ ಎಂಬುದನ್ನೂ ನೆನಪಿಡಿ.

ಇಳಿಜಾರು ಅಳೆಯುವುದು ಸುಲಭ. ಹತ್ತು ಅಡಿ ದಾರವನ್ನು ಮಟ್ಟಸವಾಗಿ ಹಿಡಿದು, ಕೆಳತುದಿಯಲ್ಲಿ ದಾರದಿಂದ ನೆಲಕ್ಕೆ ಎಷ್ಟು ಎಂದು ನೋಡಿ. 10 ಇಂಚು ಇದ್ದರೆ ಸುಮಾರು 5 ಡಿಗ್ರಿ, 21 ಇಂಚು ಇದ್ದರೆ 10 ಡಿಗ್ರಿ. ಹುಲ್ಲು ಕತ್ತರಿಸಲು 15 ಡಿಗ್ರಿವರೆಗೆ ಒಪ್ಪುವ ಯಂತ್ರವೂ ಹಿಂದೆ ಭಾರ ಇದ್ದಾಗ ಅಷ್ಟು ತಾಳುವುದಿಲ್ಲ. ನನ್ನ ಗಡಿ 5 ಡಿಗ್ರಿ, ಅದೂ ಒಣ ನೆಲದಲ್ಲಿ. ನೇರ ಏರಿ, ನೇರ ಇಳಿಯಿರಿ, ಅಡ್ಡಡ್ಡ ಹೋಗಬೇಡಿ, ಇಳಿಜಾರಿನ ನಡುವೆ ತಿರುಗಬೇಡಿ. ನ್ಯೂಟ್ರಲ್‌ಗೆ ಹಾಕಿ ಉರುಳಲು ಬಿಡುವುದಂತೂ ಸಲ್ಲ.

11. ಬ್ಲೇಡ್ ಬಂದ್, ಡೆಕ್ ಮೇಲೆ, ನಡಿಗೆ ನಿಧಾನ

ಬ್ಲೇಡ್ ಆರಿಸಿ, ಡೆಕ್ಕನ್ನು ಪೂರ್ತಿ ಮೇಲಕ್ಕೆತ್ತಿ. ವೇಗ ಮನುಷ್ಯನ ನಡಿಗೆಗಿಂತ ಕಡಿಮೆ ಇರಲಿ. ಹೈಡ್ರೋಸ್ಟ್ಯಾಟಿಕ್ ಗೇರ್ ಇದ್ದರೆ ಎಂಜಿನ್ ಥ್ರಾಟಲ್ ಪೂರ್ತಿ ಕೊಟ್ಟು, ಪೆಡಲನ್ನು ಮಾತ್ರ ಮೆಲ್ಲನೆ ಒತ್ತಿ. ಗೇರ್‌ಬಾಕ್ಸನ್ನು ತಣಿಸುವ ಫ್ಯಾನ್ ಎಂಜಿನ್ ವೇಗಕ್ಕೆ ತಕ್ಕಂತೆ ತಿರುಗುತ್ತದೆ. ಆ ಫ್ಯಾನಿನ ಸುತ್ತ ಅಂಟಿದ ಒಣಹುಲ್ಲನ್ನು ಮೊದಲೇ ತೆಗೆದಿಡಿ. ಎಳೆತ ಸೊರಗುತ್ತಿದೆ, ಯಂತ್ರ ಮುಲುಗುತ್ತಿದೆ ಅನ್ನಿಸಿದರೆ ಎಣ್ಣೆ ಕಾದು ತೆಳುವಾಗಿದೆ ಎಂದರ್ಥ. ಮಟ್ಟಸ ಜಾಗದಲ್ಲಿ ನಿಲ್ಲಿಸಿ ಅರ್ಧ ಗಂಟೆ ಆರಲು ಬಿಡಿ.

12. ರಿವರ್ಸ್: ಕೈ ಸ್ಟೀರಿಂಗ್‌ನ ಕೆಳಭಾಗದಲ್ಲಿ

ಹಿಂದಕ್ಕೆ ತಳ್ಳುವಾಗ ಸ್ಟೀರಿಂಗ್‌ನ ಕೆಳಭಾಗವನ್ನು ಒಂದೇ ಕೈಯಲ್ಲಿ ಹಿಡಿಯಿರಿ. ಟ್ರೈಲರ್‌ನ ಹಿಂಭಾಗ ಎಡಕ್ಕೆ ಹೋಗಬೇಕೇ, ಕೈಯನ್ನು ಎಡಕ್ಕೆ ಸರಿಸಿ. ಬಲಕ್ಕೆ ಬೇಕೇ, ಬಲಕ್ಕೆ. ಇಷ್ಟು ನೆನಪಿದ್ದರೆ ಎಡಬಲದ ಗೊಂದಲ ಮುಗಿಯಿತು. ಮೋವರ್‌ನ ಮುಂದಿನ ಹಿಂದಿನ ಗಾಲಿಗಳ ನಡುವೆ ಅಂತರ ಕಡಿಮೆ, ಹಾಗಾಗಿ ಕೈಯ ಸಣ್ಣ ಚಲನೆಯೂ ಟ್ರೈಲರ್‌ನಲ್ಲಿ ದೊಡ್ಡದಾಗುತ್ತದೆ. ಕೋನ ಚೂಪಾಗುತ್ತಿದೆ ಅನ್ನಿಸಿದ ಕೂಡಲೇ ಮುಂದಕ್ಕೆ ಎಳೆದು ನೇರ ಮಾಡಿ ಮತ್ತೆ ಹಿಂದೆ ಬನ್ನಿ. ಹತ್ತು ಸಲ ಮುಂದೆ ಹಿಂದೆ ಮಾಡಿದರೂ ಅಡ್ಡಿಯಿಲ್ಲ.

ನಿಮ್ಮ ಟ್ರೈಲರ್‌ಗೆ ಸರ್ಜ್ ಬ್ರೇಕ್ ಇದ್ದರೆ ಇನ್ನೊಂದು ವಿಷಯ. ಹಿಂದಕ್ಕೆ ತಳ್ಳಿದಾಗ ಆ ಬ್ರೇಕ್ ತಾನಾಗಿ ಹಿಡಿದುಕೊಳ್ಳಬಹುದು. ಟ್ರಕ್‌ನ ರಿವರ್ಸ್ ಲೈಟಿನ ತಂತಿ ಅದನ್ನು ಬಿಡಿಸುತ್ತದೆ, ಮೋವರ್‌ನಲ್ಲಿ ಆ ತಂತಿ ಇಲ್ಲ. ಟ್ರೈಲರ್ ತಯಾರಕರು ಹೇಳಿದ ತಡೆಪಿನ್ ಹಾಕಿ ಮಟ್ಟಸ ನೆಲದಲ್ಲಿ ಮಾತ್ರ ಹಿಂದಕ್ಕೆ ತಳ್ಳಿ, ಮುಗಿದ ಮೇಲೆ ಮರೆಯದೆ ತೆಗೆಯಿರಿ.

13. ಒಬ್ಬರು ನೋಡಲಿ, ಉಳಿದವರು ಒಳಗಿರಲಿ. ಆಗದು ಎಂದರೆ ಬೇರೆ ದಾರಿ ಹಿಡಿಯಿರಿ

ಮಕ್ಕಳು, ನಾಯಿ ಮನೆಯೊಳಗೆ. ದಾರಿ ತೋರಲು ಒಬ್ಬರು ಸಾಕು. ಅವರು ನಿಮಗೆ ಕಾಣುವ ಹಾಗೆ ಪಕ್ಕದಲ್ಲಿ ನಿಲ್ಲಲಿ, ಟ್ರೈಲರ್‌ನ ಹಿಂದೆಯಾಗಲಿ ಇಳಿಜಾರಿನ ಕೆಳಗಾಗಲಿ ಯಾರೂ ಬೇಡ. ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳಿಸುವುದಿಲ್ಲ. ಎರಡು ಕೈ ಮೇಲೆತ್ತಿದರೆ "ತಕ್ಷಣ ನಿಲ್ಲಿಸು" ಎಂದು ಮೊದಲೇ ಮಾತಾಡಿಕೊಳ್ಳಿ. ಅವರು ಕಾಣದಾದ ಗಳಿಗೆಯಲ್ಲೇ ಯಂತ್ರ ನಿಲ್ಲಲಿ.

ತೂಕ ಹೆಚ್ಚು, ಇಳಿಜಾರು ಕಡಿದು, ನೆಲ ಒದ್ದೆ: ಇವುಗಳಲ್ಲಿ ಒಂದಿದ್ದರೂ ಮೋವರ್ ಬೇಡ. ಮಟ್ಟಸವಾದ ಗಟ್ಟಿ ನೆಲಕ್ಕೆ ಎರಡು ಗಾಲಿಯ ಟ್ರೈಲರ್ ಡಾಲಿ ಸಾಕು. ಮೆತ್ತನೆಯ ಜಾಗಕ್ಕೆ ಗಟ್ಟಿ ಮರಕ್ಕೋ ಗೂಟಕ್ಕೋ ಕಟ್ಟುವ ಕೈವಿಂಚ್ ಇದೆ. ಪಕ್ಕದ ಮನೆಯವರ ದೊಡ್ಡ ಟ್ರ್ಯಾಕ್ಟರ್ ಇದ್ದರೆ ಬಾಯಿಬಿಟ್ಟು ಕೇಳಿ. ಹಳ್ಳಿಯ ಕಡೆ ಇಲ್ಲಿಯೂ ನೆರೆಹೊರೆಯವರು ಕೆಲಸಕ್ಕೆ ಕೈಜೋಡಿಸುತ್ತಾರೆ.

14. ಕೊಂಡಿ ಬಿಚ್ಚುವ ಮೊದಲು ಗಾಲಿಗೆ ಬೆಣೆ ಕೊಡಿ

ಜಾಗ ತಲುಪಿದಿರಿ. ಈಗ ಕ್ರಮ ತಪ್ಪಬಾರದು. ಮೋವರ್‌ಗೆ ಪಾರ್ಕಿಂಗ್ ಬ್ರೇಕ್. ಟ್ರೈಲರ್‌ನ ಎರಡೂ ಗಾಲಿಗಳಿಗೆ, ಮುಂದೂ ಹಿಂದೂ, ರಬ್ಬರ್ ಬೆಣೆ. ಮೂತಿಯ ಜಾಕ್ ಕೆಳಗೆ ಹಲಗೆ. ಅದರ ನಂತರ ಸರಪಳಿ, ಕೊನೆಗೆ ಕಪ್ಲರ್. ಚಳಿಗಾಲಕ್ಕೆ ನಿಲ್ಲಿಸುವುದಾದರೆ ಗಾಲಿಯಡಿಗೂ ಹಲಗೆ ಕೊಡಿ, ನೀರು ಹಿಂದಿನಿಂದ ಹರಿದುಹೋಗುವಂತೆ ಮೂತಿಯನ್ನು ತುಸು ಎತ್ತರದಲ್ಲಿಡಿ. ಡ್ರೈನ್ ಪ್ಲಗ್ಗನ್ನು ದೋಣಿಯ ಸ್ಟೀರಿಂಗ್‌ಗೋ ಮೋಟಾರ್ ಹಿಡಿಗೋ ಕಟ್ಟಿದರೆ ಮೇ ತಿಂಗಳಲ್ಲಿ ಹುಡುಕಬೇಕಿಲ್ಲ.

ಹಾಸನದ ಕಡೆಯ ನಮ್ಮೂರಿನ ದಿಬ್ಬ ಹತ್ತುವಾಗ ಅಜ್ಜ ಗಾಡಿ ಹೊಡೆಯುತ್ತಿದ್ದರು, ನಾನು ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಕಲ್ಲು ಹಿಡಿದು ನಡೆಯುತ್ತಿದ್ದೆ. ಎತ್ತುಗಳು ಉಸಿರು ಬಿಡಲು ನಿಂತ ಕೂಡಲೇ "ಕಲ್ಲು ಕೊಡೋ ಮಗ" ಎನ್ನುತ್ತಿದ್ದರು. ಗಾಲಿಯಡಿ ಕಲ್ಲು ಬಿದ್ದ ಮೇಲೆಯೇ ಹಗ್ಗ ಸಡಿಲಿಸುತ್ತಿದ್ದರು. ಭತ್ತದ ಮೂಟೆ ಹೊತ್ತ ಗಾಡಿಯನ್ನು ದಿಬ್ಬ ಹತ್ತಿಸಿದ್ದು ಎತ್ತುಗಳು, ಅದು ಹಿಂದಕ್ಕೆ ಉರುಳದಂತೆ ಹಿಡಿದದ್ದು ಆ ಕಲ್ಲು. ಈಗ ಮಿನ್ನೆಸೋಟದ ಹಿತ್ತಲಲ್ಲಿ ಗಾಲಿಗೆ ಬೆಣೆ ಒತ್ತಿ, ಕಾಲಿನಿಂದ ಒದ್ದು ಗಟ್ಟಿಯಾಗಿದೆಯೇ ನೋಡಿ, ಆಮೇಲೆಯೇ ನಾನು ಕೊಂಡಿಗೆ ಕೈ ಹಾಕುತ್ತೇನೆ. ನೀವೂ ಹಾಗೆಯೇ ಮಾಡಿ.